ತೂಕ ಇಳಿಸುವ ಪುಡಿ, ಮಾತ್ರೆ, ಚುಚ್ಚುಮದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಫಾರ್ಮಸಿಸ್ಟ್ ಎಂದು ಗೊತ್ತಾದ ಕೂಡಲೇ ಮಾತು ಅಲ್ಲಿಗೇ ಬರುತ್ತದೆ. "ಸಣ್ಣ ಆಗೋಕೆ ಇದೊಂದು ಬಂದಿದೆಯಂತೆ, ತಗೋಬಹುದಾ?" ವರ್ಷದಿಂದ ವರ್ಷಕ್ಕೆ ಡಬ್ಬಿಯ ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಹಾಗೇ ಇರುತ್ತದೆ. ಬೇರೆ ಬೇರೆಯವರು ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ಮೇಲಿಂದ ಕೆಳಗೆ ಓದಲೇಬೇಕೆಂದಿಲ್ಲ, ನಿಮ್ಮ ಪ್ರಶ್ನೆ ಎಲ್ಲಿದೆಯೋ ಅಲ್ಲಿಗೆ ಹೋಗಿ. ದಪ್ಪ ಇರುವುದು ತಪ್ಪು, ಎಲ್ಲರೂ ಸಣ್ಣ ಆಗಲೇಬೇಕು ಎಂಬ ಹಟ ನನಗಿಲ್ಲ. ಇಳಿಸಬೇಕೆಂದು ನೀವೇ ತೀರ್ಮಾನಿಸಿದ್ದರೆ, ಏನನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದೀರಿ ಎನ್ನುವುದು ಗೊತ್ತಿರಲಿ, ಅಷ್ಟೇ.

## ಮೊದಲಿಗೆ

"ಒಂದೇ ಮಾತಲ್ಲಿ ಹೇಳಿ, ಇವೆಲ್ಲ ಕೆಲಸ ಮಾಡ್ತಾವಾ ಇಲ್ವಾ?"

ಒಂದೇ ಮಾತಲ್ಲಿ ಆಗುವುದಿಲ್ಲ. ಯಾಕೆಂದರೆ ಒಂದೇ ಕಪಾಟಿನಲ್ಲಿ ಮೂರು ಜಾತಿಯ ವಸ್ತುಗಳಿವೆ. ಮೊದಲನೆಯದು, ಏನೂ ಮಾಡದವು. ಇಂಥವೇ ಜಾಸ್ತಿ. ಎರಡನೆಯದು, ಸಾವಿರಾರು ಜನರ ಮೇಲೆ ಪರೀಕ್ಷೆಯಾಗಿ ವೈದ್ಯರ ಚೀಟಿಗೆ ಬಂದ ಔಷಧಿಗಳು. ಇವು ಕೆಲಸ ಮಾಡುತ್ತವೆ, ಅಡ್ಡಪರಿಣಾಮವೂ ಇದೆ, ಎರಡರ ಲೆಕ್ಕವನ್ನೂ ಬರೆದಿಟ್ಟಿದ್ದಾರೆ. ಮೂರನೆಯದು, ಹೊರಗೆ "ಶುದ್ಧ ಗಿಡಮೂಲಿಕೆ" ಎಂದು ಬರೆದು ಒಳಗೆ ಗುಟ್ಟಾಗಿ ಔಷಧಿ ಬೆರೆಸಿದವು.

ಮೊದಲನೆಯದರಿಂದ ಜೇಬಿಗೆ ನಷ್ಟ. ಮೂರನೆಯದರಿಂದ ಹೃದಯಕ್ಕೆ, ಲಿವರಿಗೆ, ಕಿಡ್ನಿಗೆ. ಹಾಗಾಗಿ ಯಾರಾದರೂ "ಆ ಪುಡಿ ತಗೊಂಡೆ, ಏನೂ ಆಗಲಿಲ್ಲ" ಎಂದರೆ ನನಗೆ ಸಮಾಧಾನ. "ಬರೀ ಗಿಡಮೂಲಿಕೆ, ಆದರೆ ಹಸಿವೇ ಆಗ್ತಿಲ್ಲ, ಸರಸರ ಇಳೀತಿದೆ" ಎಂದರೆ ಹೆದರಿಕೆ.

"ನಾಲ್ಕೇ ದಿನಕ್ಕೆ ಎರಡು ಕೆಜಿ ಇಳೀತು. ತಕ್ಕಡಿ ಸುಳ್ಳು ಹೇಳುತ್ತಾ?"

ತಕ್ಕಡಿ ಸರಿಯಾಗೇ ಹೇಳಿದೆ. ಇಳಿದದ್ದು ಕೊಬ್ಬು ಎಂದುಕೊಂಡದ್ದು ನಾವು.

ಲೆಕ್ಕ ಹಾಕಿ ನೋಡೋಣ. ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಸಕ್ಕರೆಯ ದಾಸ್ತಾನು ಇರುತ್ತದೆ, ಹೆಚ್ಚುಕಡಿಮೆ ಅರ್ಧ ಕೆಜಿ. ಪ್ರತಿ ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು 3 ಗ್ರಾಂ ನೀರು ಹಿಡಿದಿಟ್ಟುಕೊಂಡಿರುತ್ತದೆ. ಊಟ ಕಡಿಮೆ ಮಾಡಿದರೆ ಮೊದಲ ಕೆಲವೇ ದಿನಗಳಲ್ಲಿ ಈ ದಾಸ್ತಾನು ಖಾಲಿಯಾಗುತ್ತದೆ, ನೀರೂ ಹೊರಟುಹೋಗುತ್ತದೆ. ಅಲ್ಲಿಗೆ ಎರಡು ಕೆಜಿ ಆಯಿತಲ್ಲ!

ಕೊಬ್ಬಿನ ಲೆಕ್ಕವೇ ಬೇರೆ. ಮೈಯ ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ (ಮಾತಿನಲ್ಲಿ ನಾವು ಕ್ಯಾಲೊರಿ ಎನ್ನುವುದು ಇದನ್ನೇ) ಇದೆ. ನಾಲ್ಕು ದಿನಕ್ಕೆ ಎರಡು ಕೆಜಿ ಎಂದರೆ ದಿನಕ್ಕೆ 3,850ರಷ್ಟು ಕೊರತೆ ಬೀಳಬೇಕು. ಸಾಮಾನ್ಯ ಜನ ಇಡೀ ದಿನಕ್ಕೆ ಖರ್ಚು ಮಾಡುವುದೇ ಅಷ್ಟಿಲ್ಲ. ಪೂರ್ತಿ ಉಪವಾಸ ಕೂತರೂ ಈ ಲೆಕ್ಕ ಕೂಡುವುದಿಲ್ಲ. "ಮೊದಲ ವಾರದಲ್ಲೇ ಫಲಿತಾಂಶ" ಎನ್ನುವ ಎಲ್ಲ ಪ್ಯಾಕೇಜುಗಳೂ ನಿಂತಿರುವುದು ಈ ನೀರಿನ ಮೇಲೆ.

"ಬೆವರಿಳಿಸೋ ಬೆಲ್ಟು, ಹೊಟ್ಟೆಗೆ ಹಚ್ಚೋ ಕ್ರೀಮು?"

ಕೊಬ್ಬೇನು ಬೆಣ್ಣೆಯಲ್ಲ, ಬಿಸಿ ತಾಗಿದರೆ ಕರಗಿ ಚರ್ಮದಿಂದ ಸೋರಿಹೋಗುವುದಕ್ಕೆ. ಬೆಲ್ಟಿನಿಂದ ಹೋದ ನೀರು ಎರಡು ಲೋಟ ಕುಡಿದರೆ ವಾಪಸ್. ಬಿಸಿಲಲ್ಲಿ ಅದನ್ನು ಕಟ್ಟಿಕೊಂಡು ಓಡಿ ತಲೆ ಸುತ್ತಿ ಬೀಳುವವರೂ ಇದ್ದಾರೆ. ಕ್ರೀಮಿನ ಬಗ್ಗೆ ಜಾಸ್ತಿ ಹೇಳುವುದಕ್ಕೇನಿಲ್ಲ.

"ಹೊಟ್ಟೆ ಕ್ಲೀನ್ ಆದ್ರೆ ತೂಕ ಇಳಿಯುತ್ತೆ ಅಲ್ವಾ? ರಾತ್ರಿ ಕುಡಿಯೋ ಡಿಟಾಕ್ಸ್ ಟೀ ಇದೆ."

ಡಬ್ಬಿ ತಿರುಗಿಸಿ ಓದಿ. ಬಹಳಷ್ಟು ಸಲ ಸೋನಾಮುಖಿ ಸೊಪ್ಪಿನ ಹೆಸರು ಕಾಣುತ್ತದೆ. ಡಬ್ಬಿಯಲ್ಲಿ "ಸೆನ್ನಾ" ಎಂದು ಬರೆದಿರಬಹುದು. ಅದು ಬೇಧಿಯ ಔಷಧಿ. ಮಲಬದ್ಧತೆಗೆ ನಾಲ್ಕು ದಿನ ತೆಗೆದುಕೊಳ್ಳಲು ಒಳ್ಳೆಯದೇ.

ತೂಕಕ್ಕೆ ಯಾಕೆ ಆಗುವುದಿಲ್ಲ ಎಂದರೆ, ಊಟದ ಸತ್ವವನ್ನು ಮೈ ಹೀರುವುದು ಮುಖ್ಯವಾಗಿ ಸಣ್ಣ ಕರುಳಿನಲ್ಲಿ. ಸೋನಾಮುಖಿ ಕೆಲಸ ಮಾಡುವುದು ದೊಡ್ಡ ಕರುಳಿನಲ್ಲಿ. ಅದು ಬರುವ ಹೊತ್ತಿಗೆ ಕ್ಯಾಲೊರಿ ಒಳಗೆ ಸೇರಿ ಆಗಿರುತ್ತದೆ. ಹೊರಗೆ ಹೋಗುವುದು ನೀರು, ಅದರ ಜೊತೆ ಪೊಟ್ಯಾಸಿಯಂನಂಥ ಲವಣಗಳು. ತಿಂಗಳುಗಟ್ಟಲೆ ಹೀಗೇ ನಡೆದರೆ ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ತಾಳ ತಪ್ಪಬಹುದು. ಇನ್ನು ಮೈಯ ಕಸ ಹೊರಹಾಕುವ ಕೆಲಸವನ್ನು ಲಿವರ್ ಮತ್ತು ಕಿಡ್ನಿ ದಿನವೂ ಮಾಡುತ್ತಲೇ ಇವೆ, ಅವಕ್ಕೆ ಟೀ ಬೇಕಿಲ್ಲ.

## ಜಾಹೀರಾತು, ಸಾಕ್ಷಿ, ಫೋಟೋ

"ಜಾಹೀರಾತು ನೋಡಿದ ಕೂಡಲೇ ಬುರುಡೆ ಅಂತ ಹೇಗೆ ಗೊತ್ತು ಮಾಡೋದು?"

ಇದಕ್ಕೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಒಂದು ಸುಲಭದ ಪಟ್ಟಿ ಮಾಡಿದೆ. ಜಾಹೀರಾತು ಹಾಕುವ ಪತ್ರಿಕೆ, ಟೀವಿಯವರಿಗೆಂದು ಮಾಡಿದ್ದು, ನಮಗೂ ಆಗುತ್ತದೆ. ಅದರಲ್ಲಿ ಏಳು ಮಾತುಗಳಿವೆ. ಊಟ, ವ್ಯಾಯಾಮ ಏನೂ ಬದಲಿಸದೆ ವಾರಕ್ಕೆ ಎರಡು ಪೌಂಡ್, ಅಂದರೆ ಸುಮಾರು 900 ಗ್ರಾಂ, ತಿಂಗಳುಪೂರ್ತಿ ಇಳಿಯುತ್ತದೆ ಎನ್ನುವುದು ಒಂದು. ಎಷ್ಟು ತಿಂದರೂ ಇಳಿಯುತ್ತದೆ ಎನ್ನುವುದು ಇನ್ನೊಂದು. ನಿಲ್ಲಿಸಿದ ಮೇಲೂ ತೂಕ ಶಾಶ್ವತವಾಗಿ ಇಳಿದೇ ಇರುತ್ತದೆ, ಕೊಬ್ಬನ್ನೋ ಕ್ಯಾಲೊರಿಯನ್ನೋ ಮೈಗೆ ಸೇರದಂತೆ ತಡೆದು ಭಾರೀ ತೂಕ ಇಳಿಸುತ್ತದೆ, ವಾರಕ್ಕೆ ಮೂರು ಪೌಂಡ್‌ಗಿಂತ ಜಾಸ್ತಿ ನಾಲ್ಕು ವಾರ ದಾಟಿಯೂ ಸುರಕ್ಷಿತವಾಗಿ ಇಳಿಯುತ್ತದೆ, ಎಲ್ಲರಿಗೂ ಕೆಲಸ ಮಾಡುತ್ತದೆ, ಮೈಗೆ ಕಟ್ಟಿಕೊಂಡರೆ ಅಥವಾ ಹಚ್ಚಿಕೊಂಡರೆ ಸಾಕು: ಇವು ಉಳಿದ ಐದು. ಇವುಗಳಲ್ಲಿ ಒಂದು ಕಂಡರೂ ಅಲ್ಲಿಗೇ ನಿಲ್ಲಿಸಿ.

ನನ್ನದೊಂದು ಎಂಟನೆಯದಿದೆ. "ಡಾಕ್ಟರುಗಳು ನಿಮ್ಮಿಂದ ಮುಚ್ಚಿಟ್ಟ ಗುಟ್ಟು" ಎಂದಿದ್ದರೆ ಪುಟ ತಿರುಗಿಸಿಬಿಡಿ. ಗುಟ್ಟನ್ನು ಯಾರೂ ಜಾಹೀರಾತು ಕೊಟ್ಟು ಹೇಳುವುದಿಲ್ಲ.

"ಕ್ಲಿನಿಕಲಿ ಪ್ರೂವನ್ ಅಂತ ದೊಡ್ಡದಾಗಿ ಬರೆದಿದ್ದಾರಲ್ಲ?"

ಹಸಿರು ಕಾಫಿ ಬೀಜದ ಕತೆ ಕೇಳಿ. 2012ರಲ್ಲಿ ಒಂದು ಅಧ್ಯಯನ ಬಂತು: ಹುರಿಯದ ಕಾಫಿ ಬೀಜದ ಸಾರ ತಿಂದರೆ ತೂಕ ಚೆನ್ನಾಗಿ ಇಳಿಯುತ್ತದೆ ಎಂದು. ಅದೇ ವರ್ಷ ಅಮೆರಿಕದ ಪ್ರಸಿದ್ಧ ಟೀವಿ ವೈದ್ಯ ಮೆಹ್ಮೆತ್ ಓಜ್ ಅದನ್ನು ತಮ್ಮ ಕಾರ್ಯಕ್ರಮದಲ್ಲಿ ಹೊಗಳಿದರು. ಮಾರಾಟ ಆಕಾಶಕ್ಕೇರಿತು. ಆ ಅಧ್ಯಯನದಲ್ಲಿ ಇದ್ದವರು ಎಷ್ಟು ಜನ ಗೊತ್ತಾ? 16. ಆ ಅಂಕಿಗಳು ಸರಿ ಎಂದು ಖಾತ್ರಿ ಕೊಡಲು ಆಗುತ್ತಿಲ್ಲ ಎಂಬ ಕಾರಣಕ್ಕೆ 2014ರಲ್ಲಿ ಆ ಲೇಖನವನ್ನೇ ಹಿಂದಕ್ಕೆ ಪಡೆದರು. ಡಬ್ಬಿಗಳು ಮಾತ್ರ ಇನ್ನೂ ಮಾರಾಟವಾಗುತ್ತಿವೆ.

ಆದ್ದರಿಂದ "ಸಾಬೀತಾಗಿದೆ" ಎಂದರೆ ಮರುಪ್ರಶ್ನೆ ಹಾಕಿ. ಎಷ್ಟು ಜನರ ಮೇಲೆ? ಎಷ್ಟು ದಿನ? ಇಲಿಗಳ ಮೇಲೋ ಮನುಷ್ಯರ ಮೇಲೋ? ಇದೇ ಡಬ್ಬಿಯನ್ನು ಪರೀಕ್ಷಿಸಿದರೋ, ಇದರಲ್ಲಿರುವ ಒಂದು ಪದಾರ್ಥವನ್ನು ಮಾತ್ರವೋ? ಎಲ್ಲಕ್ಕಿಂತ ಮುಖ್ಯ, ಹುಸಿಮಾತ್ರೆಯ ಜೊತೆ ಹೋಲಿಸಿದರೋ ಇಲ್ಲವೋ?

"ಹುಸಿಮಾತ್ರೆ ಹೋಲಿಕೆಗೆ ಅಷ್ಟೊಂದು ಮಹತ್ವ ಯಾಕೆ?"

ಯಾಕೆಂದರೆ ಏನೂ ಇಲ್ಲದ ಮಾತ್ರೆ ತಿಂದವರೂ ಇಳಿಯುತ್ತಾರೆ! ಉಪ್ಪಾಗೆ ಹಣ್ಣಿನ ಸಾರ ತುಂಬಾ ವರ್ಷಗಳಿಂದ ಮಾರುಕಟ್ಟೆಯಲ್ಲಿದೆ, ಡಬ್ಬಿಯ ಮೇಲೆ "ಗಾರ್ಸೀನಿಯಾ" ಎಂದಿರುತ್ತದೆ. 1998ರಲ್ಲಿ ಅದನ್ನು 135 ಜನರ ಮೇಲೆ 12 ವಾರ ಪರೀಕ್ಷಿಸಿದರು. ಎರಡೂ ಗುಂಪಿಗೆ ಒಂದೇ ರೀತಿಯ ಮಿತ ಆಹಾರ. ಸಾರ ತಿಂದವರು ಸರಾಸರಿ 3.2 ಕೆಜಿ ಇಳಿದರು. ಹುಸಿಮಾತ್ರೆಯವರು 4.1 ಕೆಜಿ.

ಸಾರದವರನ್ನು ಮಾತ್ರ ನೋಡಿದ್ದರೆ "12 ವಾರದಲ್ಲಿ 3 ಕೆಜಿ, ಸಾಬೀತಾಗಿದೆ" ಎಂದು ಬರೆದುಕೊಳ್ಳಬಹುದಿತ್ತು ಅಲ್ವಾ? ಅದು ಸುಳ್ಳೂ ಆಗುತ್ತಿರಲಿಲ್ಲ.

"ನನ್ನ ಅಕ್ಕನಿಗೇ ಕೆಲಸ ಮಾಡಿದೆ. ಕಣ್ಣಾರೆ ನೋಡಿದ್ದೀನಿ."

ನಂಬುತ್ತೇನೆ. ಆದರೆ ಪುಡಿಯ ಜೊತೆ ಒಂದು ಊಟದ ಪಟ್ಟಿಯೂ ಬಂದಿತ್ತಾ ಎಂದು ಅಕ್ಕನನ್ನೇ ಕೇಳಿ. ರಾತ್ರಿ ಊಟದ ಬದಲು ಆ ಪುಡಿ ಕುಡಿಯುತ್ತಿದ್ದರಾ? ಹಾಗಿದ್ದರೆ ಒಂದು ಊಟ ಕಡಿಮೆಯಾಯಿತು, ತೂಕ ಇಳಿಯಿತು, ಅದರಲ್ಲಿ ಮಾಯವೇನಿಲ್ಲ. ಊಟದ ಬದಲಿ ಪಾನೀಯದಿಂದ ಕೆಲವರಿಗೆ ಅನುಕೂಲ ಆಗುವುದು ನಿಜವೇ. ಕ್ಯಾಲೊರಿ ಎಣಿಸುವ ತಲೆನೋವು ತಪ್ಪುತ್ತದೆ. ಆದರೆ ಅದು ಎಣಿಸಿಟ್ಟ ಊಟ, ಕೊಬ್ಬು ಕರಗಿಸುವ ಔಷಧಿ ಅಲ್ಲ.

ಇನ್ನೂ ಒಂದು ಇದೆ. ಅಕ್ಕ ಈಗ ಅದನ್ನು ಮಾರುತ್ತಿದ್ದಾರಾ? ತಗೊಂಡವರೇ ಮಾರುವವರಾಗುವ ವ್ಯವಸ್ಥೆಯಲ್ಲಿ, ಇಳಿದವರು ಮಾತಾಡುತ್ತಾರೆ, ಇಳಿಯದವರು ಸುಮ್ನೆ ಹಿಂದೆ ಸರಿಯುತ್ತಾರೆ. ನಿಮ್ಮ ಕಿವಿಗೆ ಬೀಳುವುದು ಒಂದೇ ಕಡೆಯ ಮಾತು.

"ಮೊದಲು, ಆಮೇಲೆ ಅಂತ ಎರಡು ಫೋಟೋ ಹಾಕಿರ್ತಾರಲ್ಲ?"

ಬೆಳಕು ಬದಲಿಸಿ, ಬೆನ್ನು ನೆಟ್ಟಗೆ ಮಾಡಿ, ಹೊಟ್ಟೆ ಒಳಕ್ಕೆಳೆದು ನಿಂತರೆ ಎರಡೂ ಫೋಟೋ ಒಂದೇ ಮಧ್ಯಾಹ್ನ ತೆಗೆಯಬಹುದು.

## ಡಬ್ಬಿಯ ಒಳಗೆ

"ಲೈಸೆನ್ಸ್ ನಂಬರ್ ಇದೆ. ಅಂದ್ರೆ ಸರ್ಕಾರ ಪರೀಕ್ಷೆ ಮಾಡಿಯೇ ಬಿಟ್ಟಿರುತ್ತೆ ತಾನೇ?"

ಈ ತಪ್ಪು ತಿಳಿವಳಿಕೆ ತುಂಬಾ ಜನರಲ್ಲಿದೆ. ಔಷಧಿಗೆ ಒಂದು ದಾರಿ, ಪೂರಕ ಆಹಾರಕ್ಕೆ ಇನ್ನೊಂದು ದಾರಿ. ಔಷಧಿ ಮಾರಾಟಕ್ಕೆ ಬರುವ ಮೊದಲೇ ಅದು ಕೆಲಸ ಮಾಡುತ್ತದೆ, ಸುರಕ್ಷಿತ ಎಂದು ತಯಾರಕರು ತೋರಿಸಬೇಕು. ಪೂರಕ ಆಹಾರಕ್ಕೆ ಅನೇಕ ದೇಶಗಳಲ್ಲಿ ಅಷ್ಟು ಬಿಗಿ ಇಲ್ಲ. ಅಮೆರಿಕದಲ್ಲಿ 1994ರ ಕಾನೂನು ಬಂದ ಮೇಲೆ, ಇಂಥ ಡಬ್ಬಿಗಳಿಗೆ ಮಾರಾಟಕ್ಕೆ ಮುಂಚೆ ಔಷಧಿ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಪ್ಪಿಗೆ ಬೇಕಿಲ್ಲ. ತೊಂದರೆ ಕಂಡ ಮೇಲೆ ಸಂಸ್ಥೆ ಬಂದು ತೆಗೆಸುತ್ತದೆ. ಅಷ್ಟರಲ್ಲಿ ತಿಂದವರು ತಿಂದಾಗಿರುತ್ತದೆ.

ಇಂಥ ಡಬ್ಬಿಯ ಮೇಲಿನ ನಂಬರ್ ಹೇಳುವುದು ತಯಾರಕ ಯಾರು ಎನ್ನುವುದನ್ನು. ನೀವು ಸಣ್ಣ ಆಗುತ್ತೀರಿ ಎಂಬುದನ್ನಲ್ಲ.

"ನ್ಯಾಚುರಲ್ ಅಂದ್ಮೇಲೆ ಸೈಡ್ ಎಫೆಕ್ಟ್ ಎಲ್ಲಿಂದ ಬರುತ್ತೆ?"

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಬ್ರಸೆಲ್ಸ್ ನೆನಪಾಗುತ್ತದೆ. 1990ರ ದಶಕದ ಆರಂಭ. ಅಲ್ಲಿನ ವೈದ್ಯರಿಗೆ ಒಂದು ವಿಚಿತ್ರ ಕಂಡಿತು. ವಯಸ್ಸಾಗದ, ಬೇರೆ ಕಾಯಿಲೆ ಇಲ್ಲದ ಹೆಂಗಸರ ಕಿಡ್ನಿಗಳು ಬೇಗಬೇಗ ಕೈಕೊಡುತ್ತಿದ್ದವು. ವಿಚಾರಿಸಿದರೆ ಎಲ್ಲರೂ ಒಂದೇ ತೂಕ ಇಳಿಸುವ ಕ್ಲಿನಿಕ್ಕಿಗೆ ಹೋದವರು. ಅಲ್ಲಿ ಕೊಟ್ಟ ಮಾತ್ರೆಗೆ ಆಗಷ್ಟೇ ಚೀನೀ ಗಿಡಮೂಲಿಕೆ ಸೇರಿಸಿದ್ದರು. ಬೇಕಾಗಿದ್ದದ್ದು ಸ್ಟೆಫಾನಿಯಾ ಎಂಬ ಬಳ್ಳಿಯ ಬೇರು. ಬಂದದ್ದು ಅರಿಸ್ಟೊಲೋಕಿಯಾ ಎಂಬ ಬೇರೆ ಗಿಡದ್ದು. ಚೀನೀ ಭಾಷೆಯಲ್ಲಿ ಎರಡರ ಹೆಸರಿನಲ್ಲೂ "ಫಾಂಗ್ ಜಿ" ಇದೆ, ಎಡವಟ್ಟಾದದ್ದು ಅಲ್ಲೇ. ಸುಮಾರು 100 ಹೆಂಗಸರ ಕಿಡ್ನಿ ಹಾಳಾಯಿತು. ಅನೇಕರಿಗೆ ಡಯಾಲಿಸಿಸ್ಸೋ ಕಿಡ್ನಿ ಕಸಿಯೋ ಬೇಕಾಯಿತು. ವರ್ಷಗಳ ನಂತರ ಹಲವರಿಗೆ ಮೂತ್ರನಾಳದ ಕ್ಯಾನ್ಸರ್ ಕೂಡ ಬಂತು. ಅರಿಸ್ಟೊಲೋಕಿಯಾ ನೂರಕ್ಕೆ ನೂರು ನ್ಯಾಚುರಲ್.

ಎಫೆಡ್ರಾ ಎಂಬ ಗಿಡವೂ ಹಾಗೇ. ಅದರ ಸಾರದಿಂದ ಬಿಪಿ ಏರಿ, ಹೃದಯಾಘಾತ, ಪಾರ್ಶ್ವವಾಯು, ಸಾವು ವರದಿಯಾದ ಮೇಲೆ 2004ರಲ್ಲಿ ಅಮೆರಿಕ ಪೂರಕ ಆಹಾರಗಳಲ್ಲಿ ಅದನ್ನು ನಿಷೇಧಿಸಿತು.

ಗ್ರೀನ್ ಟೀ ಕೂಡ ಲೋಟದಲ್ಲಿ ಒಂದು, ಮಾತ್ರೆಯಲ್ಲಿ ಇನ್ನೊಂದು. ಎಲೆಯಲ್ಲಿರುವ ಇಜಿಸಿಜಿ ಎಂಬ ಅಂಶವನ್ನು ಗಟ್ಟಿಮಾಡಿ ಮಾತ್ರೆಯಲ್ಲಿ ತುಂಬುತ್ತಾರೆ. ದಿನಕ್ಕೆ 800 ಮಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಹೀಗೆ ಸೇವಿಸಿದರೆ ಲಿವರಿಗೆ ಪೆಟ್ಟು ಬೀಳುವ ಸೂಚನೆ ರಕ್ತದಲ್ಲಿ ಕಾಣುತ್ತದೆ ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಹೇಳಿತು. ಕುಡಿಯುವ ಗ್ರೀನ್ ಟೀ ಬಗ್ಗೆ ಆ ಚಿಂತೆ ಇಲ್ಲ, ಕುಡಿಯಿರಿ.

"ಕಲಬೆರಕೆ ಅಂತೀರಲ್ಲ, ಏನು ಬೆರೆಸ್ತಾರೆ?"

ಎಲ್ಲಕ್ಕಿಂತ ಹೆಚ್ಚು ಸಿಕ್ಕಿಬೀಳುವುದು ಸಿಬುಟ್ರಮಿನ್. ಒಂದು ಕಾಲದಲ್ಲಿ ವೈದ್ಯರೇ ಬರೆಯುತ್ತಿದ್ದ ಹಸಿವು ಕಡಿಮೆ ಮಾಡುವ ಔಷಧಿ. ಹೃದಯದ ತೊಂದರೆ ಅಥವಾ ಮಧುಮೇಹ ಇದ್ದ ಸುಮಾರು 10,000 ಜನರ ಅಧ್ಯಯನದಲ್ಲಿ ಅದು ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವನ್ನು ಶೇ. 16ರಷ್ಟು ಹೆಚ್ಚಿಸಿತು. 2010ರಲ್ಲಿ ಯುರೋಪು, ಅಮೆರಿಕದ ಮಾರುಕಟ್ಟೆಯಿಂದ ಹೋಯಿತು, 2011ರಲ್ಲಿ ಭಾರತದಿಂದ. ಔಷಧಿ ಅಂಗಡಿಯಿಂದ ಹೊರಗೆ ಹಾಕಿದ್ದು "ಹರ್ಬಲ್" ಡಬ್ಬಿಯೊಳಗೆ ಹೋಗಿ ಕೂತಿದೆ.

2007ರಿಂದ 2016ರವರೆಗೆ ಎಫ್‌ಡಿಎ ಹಿಡಿದ ಕಲಬೆರಕೆ ಪೂರಕಗಳನ್ನು ಸಂಶೋಧಕರು ಎಣಿಸಿದರು. ಒಟ್ಟು 776. ಅದರಲ್ಲಿ ಹತ್ತಿರ ಹತ್ತಿರ ಶೇ. 41 ತೂಕ ಇಳಿಸುವವು. ಆ ಗುಂಪಿನ ಸುಮಾರು ಶೇ. 85ರಲ್ಲಿ ಸಿಬುಟ್ರಮಿನ್ ಇತ್ತು. ಬೇಧಿಗೆ ಬಳಸುತ್ತಿದ್ದು ಕ್ಯಾನ್ಸರ್ ಭಯದಿಂದ ಬಿಟ್ಟ ಫಿನಾಲ್ಫ್ತಲೀನ್, ಖಿನ್ನತೆಗೆ ಕೊಡುವ ಔಷಧಿ, ಮೂತ್ರ ಹೆಚ್ಚಿಸುವ ಔಷಧಿ ಇವೂ ಬೇರೆ ಬೇರೆ ಡಬ್ಬಿಗಳಲ್ಲಿ ಸಿಕ್ಕಿವೆ.

ಮನೆಯಲ್ಲಿ ಇದನ್ನು ಪತ್ತೆ ಮಾಡಲು ಆಗುವುದಿಲ್ಲ. ಮೈ ಹೇಳುವುದನ್ನು ಕೇಳಬಹುದು. ಬಾಯಿ ಒಣಗುವುದು, ನಿದ್ದೆ ಬರದಿರುವುದು, ಎದೆ ಡವಡವ ಅನ್ನುವುದು, ಬಿಪಿ ಏರುವುದು, ಇದ್ದಕ್ಕಿದ್ದಂತೆ ಹಸಿವೇ ಸತ್ತುಹೋಗುವುದು. ಗಿಡಮೂಲಿಕೆಯ ಪುಡಿ ಶುರು ಮಾಡಿದ ಮೇಲೆ ಇವು ಕಂಡರೆ, ಅದು "ಪುಡಿ ಕೆಲಸ ಮಾಡ್ತಿದೆ" ಎನ್ನುವ ಲಕ್ಷಣ ಅಲ್ಲ.

"ಜಿಮ್ಮಿನಲ್ಲಿ ಫ್ಯಾಟ್ ಬರ್ನರ್ ತಗೊಳ್ಳೋಕೆ ಹೇಳಿದ್ರು."

ಹೆಚ್ಚಿನವುಗಳ ಜೀವಾಳ ಕೆಫೀನ್. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ಮಿಗ್ರಾಂವರೆಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಮಾತ್ರೆ, ಕಾಫಿ, ಎನರ್ಜಿ ಡ್ರಿಂಕ್ ಮೂರೂ ಸೇರಿದರೆ ಆ ಗೆರೆ ಯಾವಾಗ ದಾಟಿತೋ ಗೊತ್ತಾಗುವುದಿಲ್ಲ. "ಗುಪ್ತ ಮಿಶ್ರಣ" ಎಂದು ಬರೆದು ಪ್ರಮಾಣವನ್ನೇ ಹೇಳದ ಡಬ್ಬಿ ಬೇಡವೇ ಬೇಡ.

ಯಾರಾದರೂ ಮೆಲ್ಲಗೆ "ಡಿಎನ್‌ಪಿ" ಎಂಬ ಹೆಸರು ಹೇಳಿದರೆ ಮಾತ್ರ ಎದ್ದು ಬಂದುಬಿಡಿ. ಪೂರ್ತಿ ಹೆಸರು ಡೈನೈಟ್ರೋಫಿನಾಲ್. ಮೊದಲ ಮಹಾಯುದ್ಧದ ಹೊತ್ತಿಗೆ ಸ್ಫೋಟಕ ಮಾಡಲು ಬಳಸುತ್ತಿದ್ದರು, ಅದನ್ನು ಮುಟ್ಟಿ ಕೆಲಸ ಮಾಡುತ್ತಿದ್ದವರು ಸಣ್ಣಗಾಗುತ್ತಿದ್ದರು. 1930ರ ದಶಕದಲ್ಲಿ ಅಮೆರಿಕದಲ್ಲಿ ಅದನ್ನೇ ತೂಕದ ಮಾತ್ರೆ ಮಾಡಿ ಮಾರಿದರು. ಕಣ್ಣಿಗೆ ಪೊರೆ ಬಂತು, ಸಾವುಗಳಾದವು, 1938ರ ಹೊತ್ತಿಗೆ ನಿಂತಿತು. ಇದು ನಿಜಕ್ಕೂ ಕೊಬ್ಬು ಸುಡುತ್ತದೆ. ಜೀವಕೋಶ ಶಕ್ತಿ ಮಾಡಿಕೊಳ್ಳುವುದನ್ನು ಕೆಡಿಸಿ ಎಲ್ಲವನ್ನೂ ಬರೀ ಶಾಖವಾಗಿ ಬಿಡುತ್ತದೆ. ಪ್ರಮಾಣ ಸ್ವಲ್ಪ ಹೆಚ್ಚಾದರೆ ಮೈ ಒಳಗಿಂದಲೇ ಬೇಯುತ್ತದೆ. ಇದಕ್ಕೆ ಮರುಮದ್ದಿಲ್ಲ.

"ನಾರಿನ ಮಾತ್ರೆ, ಹೊಟ್ಟೆ ತುಂಬಿದ ಹಾಗೆ ಇರುತ್ತಂತೆ?"

ಗ್ಲುಕೋಮನ್ನಾನ್ ಎಂಬ ನಾರು ನೀರು ಹೀರಿ ಉಬ್ಬುತ್ತದೆ. ಮಿತ ಆಹಾರದ ಜೊತೆಗಿದ್ದರೆ ಒಂದಿಷ್ಟು ಸಹಾಯ ಆಗಬಹುದು, ಜಾಸ್ತಿ ನಿರೀಕ್ಷೆ ಬೇಡ. ನೀರು ಸಾಲದೆ ನುಂಗಿದರೆ ಗಂಟಲಲ್ಲೋ ಅನ್ನನಾಳದಲ್ಲೋ ಉಬ್ಬಿ ಸಿಕ್ಕಿಕೊಳ್ಳುತ್ತದೆ. ತುಂಬಾ ನೀರಿನ ಜೊತೆ ತೆಗೆದುಕೊಳ್ಳಬೇಕು, ಮಲಗುವ ಮುಂಚೆ ಬೇಡ. ನುಂಗಲು ಕಷ್ಟ ಇರುವವರಿಗೆ ಬೇಡವೇ ಬೇಡ.

"ಎಚ್‌ಸಿಜಿ ಹಾರ್ಮೋನ್ ಡ್ರಾಪ್ಸ್ ಹೇಗೆ?"

ಗರ್ಭಿಣಿಯರ ಮೈಯಲ್ಲಿ ಬರುವ ಹಾರ್ಮೋನು ಅದು. 1950ರ ದಶಕದಿಂದ ಇದನ್ನು ದಿನಕ್ಕೆ 500 ಕ್ಯಾಲೊರಿ ಊಟದ ಜೊತೆ ಕೊಡುತ್ತಾ ಬಂದಿದ್ದಾರೆ. 500 ಕ್ಯಾಲೊರಿ ತಿಂದರೆ ಹಾರ್ಮೋನು ಇದ್ದರೂ ಇಳಿಯುತ್ತೀರಿ, ಇಲ್ಲದಿದ್ದರೂ ಇಳಿಯುತ್ತೀರಿ. ಅಷ್ಟು ಕಡಿಮೆ ಊಟ ವೈದ್ಯರ ಕಣ್ಗಾವಲಿಲ್ಲದೆ ಮಾಡುವಂಥದ್ದಲ್ಲ.

## ವೈದ್ಯರು ಬರೆಯುವ ಔಷಧಿಗಳು

"ಹಾಗಾದ್ರೆ ಡಾಕ್ಟರ್ ಕೊಟ್ಟದ್ದೆಲ್ಲ ಸೇಫ್ ಅಂತಾಯ್ತಾ?"

ಆಗಲಿಲ್ಲ. ಈ ಔಷಧಿಗಳ ಇತಿಹಾಸ ಹೆಮ್ಮೆಪಡುವಂಥದ್ದೇನಲ್ಲ. ಫೆನ್‌ಫ್ಲುರಮಿನ್ ಹೃದಯದ ಕವಾಟ ಕೆಡಿಸುತ್ತದೆ ಎಂದು 1997ರಲ್ಲಿ ಹೋಯಿತು. ರಿಮೊನಬಾಂಟ್ ಖಿನ್ನತೆ ತರುತ್ತದೆ ಎಂದು 2008ರಲ್ಲಿ. ಲೋರ್ಕಸೆರಿನ್ ಕ್ಯಾನ್ಸರ್ ಅನುಮಾನದ ಮೇಲೆ 2020ರಲ್ಲಿ. ಎಲ್ಲವೂ ಒಪ್ಪಿಗೆ ಪಡೆದು ಬಂದವೇ.

ಆದರೂ ಒಂದು ವ್ಯತ್ಯಾಸ ಇದೆ. ಇವುಗಳ ತೊಂದರೆ ಗೊತ್ತಾದದ್ದು ಯಾರೋ ಎಣಿಸುತ್ತಿದ್ದುದರಿಂದ. ಡಬ್ಬಿಯಲ್ಲಿ ಏನಿದೆ, ಎಷ್ಟಿದೆ, ಯಾರು ತಗೊಂಡರು ಎಂಬುದು ತಿಳಿದಿತ್ತು. ಹೆಸರಿಲ್ಲದ ಪುಡಿಯಿಂದ ಕೆಟ್ಟ ಲಿವರುಗಳನ್ನು ಎಣಿಸುವವರು ಯಾರು?

"ಕೊಬ್ಬು ಹೀರದ ಹಾಗೆ ಮಾಡೋ ಮಾತ್ರೆ ನಿಜಕ್ಕೂ ಇದೆಯಾ?"

ಇದೆ, ಓರ್ಲಿಸ್ಟಾಟ್. ಊಟದಲ್ಲಿರುವ ಕೊಬ್ಬಿನ ಸುಮಾರು ಶೇ. 30ರಷ್ಟನ್ನು ಮೈ ಹೀರದಂತೆ ತಡೆಯುತ್ತದೆ. ವರ್ಷಕ್ಕೆ ಹುಸಿಮಾತ್ರೆಗಿಂತ ಸರಾಸರಿ 3 ಕೆಜಿ ಆಸುಪಾಸು ಜಾಸ್ತಿ ಇಳಿಯುತ್ತದೆ. ಒಪ್ಪಿಗೆ ಪಡೆದ ನಿಜವಾದ ಔಷಧಿಯ ಸಾಧನೆ ಇಷ್ಟು. ತಿಂಗಳಿಗೆ ಹತ್ತು ಕೆಜಿ ಎನ್ನುವ ಪುಡಿಯನ್ನು ಇದರ ಪಕ್ಕ ಇಟ್ಟು ನೋಡಿ.

ತಡೆದ ಕೊಬ್ಬು ಎಲ್ಲೋ ಹೋಗಬೇಕಲ್ಲ. ಎಣ್ಣೆಯಂಥ ಮಲ, ತಡೆಯಲಾಗದ ಅವಸರ. ಜಿಡ್ಡಿನ ಊಟ ಮಾಡಿದ ದಿನ ಪೇಚಾಟ ಖಂಡಿತ. ಎ, ಡಿ, ಇ, ಕೆ ವಿಟಮಿನ್‌ಗಳೂ ಕಡಿಮೆ ಹೀರಲ್ಪಡುತ್ತವೆ. ಥೈರಾಯ್ಡ್ ಮಾತ್ರೆ ತಗೊಳ್ಳುವವರು ಎರಡರ ನಡುವೆ ನಾಲ್ಕು ಗಂಟೆ ಅಂತರ ಇಡಬೇಕು.

"ವಾರಕ್ಕೊಂದು ಇಂಜೆಕ್ಷನ್ ಬಗ್ಗೆ ಎಲ್ಲರೂ ಮಾತಾಡ್ತಿದ್ದಾರೆ. ಇದೂ ಬುರುಡೆನಾ?"

ಅಲ್ಲ. ಇಷ್ಟು ಹೊತ್ತು ಗೊಣಗಿದ ನಾನು ಇಲ್ಲಿ ಸ್ವಲ್ಪ ತಣ್ಣಗಾಗುತ್ತೇನೆ. ಈ ಇಂಜೆಕ್ಷನ್‌ಗಳಲ್ಲಿ ಒಂದಾದ ಸೆಮಾಗ್ಲುಟೈಡ್ ಅನ್ನು 1,961 ಜನರ ಮೇಲೆ 68 ವಾರ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಕೊಟ್ಟರು. ತಗೊಂಡವರ ತೂಕ ಸರಾಸರಿ ಶೇ. 14.9 ಇಳಿಯಿತು, ಹುಸಿ ಚುಚ್ಚುಮದ್ದಿನವರದ್ದು ಶೇ. 2.4. ಇನ್ನೊಂದಾದ ಟಿರ್ಜೆಪಟೈಡ್‌ನ ಅತಿ ಹೆಚ್ಚಿನ ಪ್ರಮಾಣದಲ್ಲಿ 72 ವಾರಕ್ಕೆ ಶೇ. 20.9. ಕರುಳಿನ ಹಾರ್ಮೋನನ್ನು ಹೋಲುವ ಇವು ಹೊಟ್ಟೆ ತುಂಬಿದ ಭಾವ ತರುತ್ತವೆ, ಹೊಟ್ಟೆ ನಿಧಾನಕ್ಕೆ ಖಾಲಿಯಾಗುವಂತೆ ಮಾಡುತ್ತವೆ. ಸಿಬುಟ್ರಮಿನ್‌ಗೆ ಕೇಳಿದ್ದ ಹೃದಯದ ಪ್ರಶ್ನೆಯನ್ನು ಸೆಮಾಗ್ಲುಟೈಡ್‌ಗೂ ಕೇಳಿದರು. 2023ರಲ್ಲಿ ಬಂದ ಉತ್ತರ ತಿರುವುಮುರುವು: ಹೃದ್ರೋಗ ಇದ್ದ, ತೂಕ ಹೆಚ್ಚಿದ್ದ ಜನರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯದ ಕಾರಣದ ಸಾವು ಒಟ್ಟು ಶೇ. 20 ಕಡಿಮೆ.

ಹಾಗೆಂದು ಎಲ್ಲರಿಗೂ ಅಲ್ಲ. ವಾಕರಿಕೆ, ವಾಂತಿ, ಬೇಧಿ, ಮಲಬದ್ಧತೆ ಸಾಮಾನ್ಯ. ಪಿತ್ತಕೋಶದ ಕಲ್ಲು, ಮೇದೋಜೀರಕದ ಉರಿಯೂತ ಅಪರೂಪಕ್ಕೆ. ಮೆಡುಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ತಮಗೋ ಮನೆತನದಲ್ಲೋ ಇರುವವರು ತಗೊಳ್ಳುವಂತಿಲ್ಲ. ಇನ್ಸುಲಿನ್ ಮೇಲಿರುವವರಿಗೆ ಸಕ್ಕರೆ ತೀರಾ ಇಳಿಯಬಹುದು. ಟಿರ್ಜೆಪಟೈಡ್ ಶುರು ಮಾಡಿದಾಗ ಮತ್ತು ಪ್ರಮಾಣ ಏರಿಸಿದಾಗ ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗಬಹುದು, ನಾಲ್ಕು ವಾರ ಬೇರೆ ವಿಧಾನವೂ ಇರಬೇಕು. ಇಳಿಯುವ ತೂಕದಲ್ಲಿ ಸ್ನಾಯುವೂ ಸೇರಿರುತ್ತದೆ, ಆದ್ದರಿಂದ ಪ್ರೋಟೀನು, ಭಾರ ಎತ್ತುವ ವ್ಯಾಯಾಮ ಬೇಕು.

"ಆರು ತಿಂಗಳು ತಗೊಂಡು ಬಿಟ್ಬಿಡ್ತೀನಿ, ಸಾಕಲ್ವಾ?"

ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಒಂದು ವರ್ಷ ನೋಡಿದಾಗ, ಇಳಿಸಿದ್ದರಲ್ಲಿ ಮೂರರಲ್ಲಿ ಎರಡು ಪಾಲು ತಿರುಗಿ ಬಂದಿತ್ತು. ಬಿಪಿ ಮಾತ್ರೆ ಬಿಟ್ಟರೆ ಬಿಪಿ ಏರುವ ಹಾಗೆ. ಎಷ್ಟು ಕಾಲ ತಗೊಳ್ಳಬೇಕಾಗಬಹುದು, ಅಷ್ಟು ಕಾಲದ ಖರ್ಚು ನಿಭಾಯಿಸಬಲ್ಲಿರಾ ಎಂಬುದನ್ನು ಶುರು ಮಾಡುವ ಮುಂಚೆಯೇ ವೈದ್ಯರ ಹತ್ತಿರ ಕೂತು ಮಾತಾಡಿ.

"ಅದೇ ಇಂಜೆಕ್ಷನ್ ಆನ್‌ಲೈನ್‌ನಲ್ಲಿ ಅರ್ಧ ರೇಟಿಗೆ ಸಿಗ್ತಿದೆ."

ಅದೇ ಅಂತ ಯಾರು ಹೇಳಿದರು? ನಕಲಿ ಸೆಮಾಗ್ಲುಟೈಡ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನ್‌ನಲ್ಲಿ ಜಗತ್ತಿಗೇ ಎಚ್ಚರಿಕೆ ಕೊಟ್ಟಿತು. ನಕಲಿ ಚುಚ್ಚುಮದ್ದಿನ ಪೆನ್ನುಗಳು ಬ್ರೆಜಿಲ್, ಬ್ರಿಟನ್, ಅಮೆರಿಕದಲ್ಲಿ ಸಿಕ್ಕಿದ್ದವು. ಇಂಥ ನಕಲಿಯಲ್ಲಿ ಏನೂ ಇಲ್ಲದಿರಬಹುದು, ಇನ್ಸುಲಿನ್ ಇರಬಹುದು. ಮಧುಮೇಹ ಇಲ್ಲದವರ ಮೈಗೆ ಇನ್ಸುಲಿನ್ ಚುಚ್ಚಿದರೆ ಪ್ರಜ್ಞೆ ತಪ್ಪಬಹುದು.

ಸಣ್ಣ ಸೀಸೆಯಲ್ಲಿ ಬರುವುದನ್ನು ಸಿರಿಂಜಿಗೆ ತಾವೇ ಎಳೆದುಕೊಳ್ಳುವವರಿಗೆ ಇನ್ನೊಂದು ಅಪಾಯ. ಮಿಲಿಗ್ರಾಂ, ಮಿಲಿಲೀಟರ್, ಸಿರಿಂಜಿನ ಯೂನಿಟ್ ಮೂರನ್ನೂ ಗೊಂದಲ ಮಾಡಿಕೊಂಡು ಹೇಳಿದ್ದಕ್ಕಿಂತ 5ರಿಂದ 20 ಪಟ್ಟು ಚುಚ್ಚಿಕೊಂಡ ಪ್ರಕರಣಗಳನ್ನು ಎಫ್‌ಡಿಎ ಅದೇ ವರ್ಷ ವರದಿ ಮಾಡಿತು.

## ಸ್ವಂತ ಸ್ಥಿತಿಗೆ ಸಂಬಂಧಿಸಿದವು

"ನಾನು ಏನೂ ಜಾಸ್ತಿ ತಿನ್ನಲ್ಲ, ಆದ್ರೂ ಏರ್ತಾನೇ ಇದೆ. ಯಾವ ಪ್ರಾಡಕ್ಟ್ ತಗೊಳ್ಳಲಿ?"

ಯಾವುದೂ ಬೇಡ, ಮೊದಲು ಕಾರಣ ಹುಡುಕಿ. ಥೈರಾಯ್ಡ್ ಮಂದವಾಗಿರಬಹುದು, ಹೆಂಗಸರಾದರೆ ಪಿಸಿಓಎಸ್ ಎಂಬ ಹಾರ್ಮೋನಿನ ತೊಂದರೆ ಇರಬಹುದು. ನೀವು ಈಗಾಗಲೇ ತಗೊಳ್ಳುತ್ತಿರುವ ಔಷಧಿಯೇ ಕಾರಣ ಇರಬಹುದು: ಸ್ಟೀರಾಯ್ಡ್, ಇನ್ಸುಲಿನ್, ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳು ತೂಕ ಏರಿಸುತ್ತವೆ. ಹಾಗೆಂದು ನೀವೇ ನಿಲ್ಲಿಸಬೇಡಿ. ಬದಲಿ ಇದೆಯಾ ಎಂದು ಬರೆದುಕೊಟ್ಟ ವೈದ್ಯರನ್ನೇ ಕೇಳಿ.

"ಯಾರು ಮುಟ್ಟಲೇಬಾರದು?"

ಗರ್ಭಿಣಿಯರು, ಹಾಲೂಡಿಸುವವರು. ಹೃದಯ, ಲಿವರ್, ಕಿಡ್ನಿ ಕಾಯಿಲೆ ಇರುವವರು, ಬಿಪಿ ಹತೋಟಿಗೆ ಬರದವರು ವೈದ್ಯರನ್ನು ಕೇಳದೆ ಏನನ್ನೂ ಶುರು ಮಾಡಬಾರದು. ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಖಿನ್ನತೆಯ ಮಾತ್ರೆ ಮೇಲಿರುವವರೂ ಅಷ್ಟೇ, ಒಂದಕ್ಕೊಂದು ತಾಕಲಾಡುತ್ತವೆ. ಆಪರೇಷನ್ ಇದ್ದರೆ ಅರಿವಳಿಕೆ ಕೊಡುವ ವೈದ್ಯರಿಗೆ ಪುಡಿ, ಚುಚ್ಚುಮದ್ದು ಎಲ್ಲ ಹೇಳಬೇಕು.

"16 ವರ್ಷದ ಮಗಳು ಕದ್ದು ಮಾತ್ರೆ ತಗೋತಿದ್ದಾಳೆ. ಬೈದ್ರೂ ಕೇಳಲ್ಲ."

ಬೈಯಬೇಡಿ ಅಮ್ಮಾ. ಮಾತ್ರೆಗಿಂತ ಮುಂಚೆ ಯಾರೋ ಏನೋ ಅಂದಿರುತ್ತಾರೆ. ಊಟ ಬಿಡುವುದು, ಉಂಡ ಕೂಡಲೇ ಬಚ್ಚಲಿಗೆ ಹೋಗುವುದು, ದಿನಕ್ಕೆ ನಾಲ್ಕು ಸಲ ತೂಕ ನೋಡುವುದು, ಮುಟ್ಟು ನಿಲ್ಲುವುದು ಕಂಡರೆ ತಿನ್ನುವುದಕ್ಕೆ ಸಂಬಂಧಿಸಿದ ಮಾನಸಿಕ ಕಾಯಿಲೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ, ತಡ ಮಾಡಬೇಡಿ. ಮನೆಯಲ್ಲಿ ಮೈ ಬಗ್ಗೆ ತಮಾಷೆ ಮಾಡುವವರು ಇದ್ದರೆ ಅವರ ಬಾಯಿ ಮೊದಲು ಮುಚ್ಚಿಸಿ.

"ಯಾವ ಲಕ್ಷಣ ಕಂಡ್ರೆ ಆಸ್ಪತ್ರೆಗೆ ಓಡಬೇಕು?"

ಎದೆನೋವು, ಉಸಿರಾಟದ ಕಷ್ಟ, ಎದೆ ಬಡಿತ ತಾಳ ತಪ್ಪುವುದು, ಪ್ರಜ್ಞೆ ತಪ್ಪುವುದು, ಮಾತು ತೊದಲುವುದು, ವಿಪರೀತ ಜ್ವರದಂಥ ಮೈಬಿಸಿ: ಆ ಕ್ಷಣವೇ. ಕಣ್ಣು ಹಳದಿಯಾಗುವುದು, ಮೂತ್ರ ಕಡು ಬಣ್ಣಕ್ಕೆ ತಿರುಗುವುದು, ಮೈತುಂಬ ತುರಿಕೆ, ಬಲ ಪಕ್ಕೆಲುಬಿನ ಕೆಳಗೆ ನೋವು ಲಿವರಿನ ಕೂಗು, ಅದೇ ದಿನ ತೋರಿಸಿ. ಹೊಟ್ಟೆಯ ಮೇಲ್ಭಾಗದಲ್ಲಿ ಶುರುವಾಗಿ ಬೆನ್ನಿಗೆ ಹರಡುವ ಜೋರು ನೋವೂ ಕಾಯುವಂಥದ್ದಲ್ಲ.

"ಡಾಕ್ಟರ್ ಬೈತಾರೆ ಅಂತ ಪುಡಿ ವಿಷಯ ಹೇಳಿಲ್ಲ."

ಹೇಳದಿದ್ದರೆ ಅವರು ಹತ್ತು ಬೇರೆ ಕಾರಣ ಹುಡುಕುತ್ತಾ ಕೂರುತ್ತಾರೆ. ಬೈಗುಳ ಎರಡು ನಿಮಿಷದ್ದು. ಬಾಯಲ್ಲಿ ಹೇಳಲು ಸಂಕೋಚವಾದರೆ ಡಬ್ಬಿಯನ್ನೇ ಮೇಜಿನ ಮೇಲಿಡಿ.

"ನಿಲ್ಲಿಸಿದ್ದೀನಿ. ಉಳಿದ ಡಬ್ಬಿ ಏನು ಮಾಡಲಿ? ದುಡ್ಡು ಕೊಟ್ಟದ್ದು, ತಂಗಿಗೆ ಕೊಡಲಾ?"

ತಂಗಿಗೆ ಬೇಡ. ನಿಮಗೆ ಏನಾದರೂ ತೊಂದರೆ ಆಗಿದ್ದರೆ ಎಸೆಯಲೂ ಬೇಡ. ಮುಚ್ಚಳ ಬಿಗಿದು, ಬಿಲ್ಲಿನ ಜೊತೆ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಬ್ಯಾಚ್ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ. ಲ್ಯಾಬಿನಲ್ಲಿ ಪರೀಕ್ಷಿಸಲು, ಔಷಧಿ ನಿಯಂತ್ರಣ ಇಲಾಖೆಗೆ ದೂರು ಕೊಡಲು ಅದೇ ಸಾಕ್ಷಿ. ಚುಚ್ಚುಮದ್ದಾಗಿದ್ದರೆ ಸೂಜಿಯನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ ಆಸ್ಪತ್ರೆಗೋ ಔಷಧಿ ಅಂಗಡಿಗೋ ಕೊಡಿ, ಕಸದ ಚೀಲಕ್ಕೆ ಹಾಗೇ ಹಾಕಬೇಡಿ. ಏನೂ ತೊಂದರೆ ಆಗಿಲ್ಲ, ಬರೀ ಬೇಜಾರಾಗಿ ಬಿಟ್ಟಿದ್ದೀರಿ ಎಂದಾದರೆ ಪುಡಿಯನ್ನು ಕಸಕ್ಕೆ ಸುರಿದು, ಖಾಲಿ ಡಬ್ಬಿಯ ಮೇಲಿನ ಚೀಟಿ ಹರಿದು ಹಾಕಿ. ಚೀಟಿ ಹಾಗೇ ಇದ್ದರೆ ಅದರಲ್ಲಿ ಬೇರೆ ಪುಡಿ ತುಂಬಿ ಮಾರುವವರಿದ್ದಾರೆ.